ಎಷ್ಟು ರೂಪಾಯಿ ಬಡ್ಡಿ?

ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಹಾಸನದ ಅಂಗಡಿಯೊಂದರಲ್ಲಿ ಕಂತಿನ ಮೇಲೆ ಫೋನ್ ತಗೊಂಡೆ. ತಿಂಗಳಿಗೆ 1,200 ರೂಪಾಯಿ, ಹತ್ತು ಕಂತು, ಝೀರೋ ಬಡ್ಡಿ. ಆ ಭಾನುವಾರ ಅರಕಲಗೂಡು ಕಡೆಯ ನಮ್ಮೂರಿಗೆ ಹೋದವಳೇ ಅಜ್ಜಿಗೆ ತೋರಿಸಿದೆ. ಅಜ್ಜಿ ಫೋನಿನ ಕಡೆ ನೋಡಲೂ ಇಲ್ಲ.

"ಎಷ್ಟು ರೂಪಾಯ್ ಬಡ್ಡಿ ಮಗ?"

"ಬಡ್ಡೀನೇ ಇಲ್ಲ ಕಣಜ್ಜಿ."

"ಬಡ್ಡಿ ಇಲ್ದಂಗೆ ದುಡ್ಡು ಕೊಡಕೆ ಅವನೇನು ನಿನ್ ಸೋದರಮಾವನಾ?"

ಆಗ ನಕ್ಕಿದ್ದೆ. ಎರಡು ವಾರ ಕಳೆದ ಮೇಲೆ ಹಾಸ್ಟೆಲಿನ ಗೆಳತಿಯೊಬ್ಬಳು ಅದೇ ಫೋನನ್ನು ಅದೇ ಅಂಗಡಿಯಲ್ಲಿ ನಗದು ಕೊಟ್ಟು ತಂದಳು. 11,200 ರೂಪಾಯಿ. ನಾನು ಕಟ್ಟಬೇಕಾದದ್ದು 12,000. ಅದರ ಮೇಲೆ ಮೊದಲ ದಿನವೇ 499 ರೂಪಾಯಿ ಪ್ರೊಸೆಸಿಂಗ್ ಫೀ ಅಂತ ಹೋಗಿತ್ತು. ಅಲ್ಲಿಗೆ 1,299 ರೂಪಾಯಿ ಜಾಸ್ತಿ.

ನಮ್ಮ ಕಡೆ ಕೈಸಾಲಕ್ಕೆ ವರ್ಷದ ಶೇಕಡಾ ಲೆಕ್ಕ ಯಾರೂ ಹೇಳಲ್ಲ. ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ಅನ್ನೋದೇ ಮಾತು. ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 24. ಮೂರು ರೂಪಾಯಿ ಅಂದರೆ 36. ನನ್ನ ಫೋನು ಎಷ್ಟು ರೂಪಾಯಿ ಬಡ್ಡಿಯದ್ದು ಅಂತ ತಿಳಿಯೋಣ ಎಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್ ತೆಗೆದು ಕೂತೆ. ಅದರಲ್ಲಿ 'ರೇಟ್' ಅಂತ ಒಂದು ಸೂತ್ರ ಇದೆ: ಎಷ್ಟು ಕಂತು, ಕಂತು ಎಷ್ಟು, ಕೈಗೆ ಸಿಕ್ಕ ಮೊತ್ತ ಎಷ್ಟು, ಈ ಮೂರನ್ನು ಕೊಟ್ಟರೆ ಸಾಕು. ನಗದು ಬೆಲೆಯಲ್ಲಿ ಫೀ ಕಳೆದರೆ 10,701. ಹತ್ತು ಕಂತು, ತಲಾ 1,200. ಉತ್ತರ ಬಂತು: ತಿಂಗಳಿಗೆ ಶೇ. 2.14. ನಮ್ಮೂರಲ್ಲಿ ಎರಡು ರೂಪಾಯಿಗೆ ಸಾಲ ಕೊಡುವವರನ್ನು ಬಡ್ಡಿ ಮಕ್ಕಳು ಅಂತ ಬೈತೀವಿ. ಎಸಿ ಹಾಕಿದ ಅಂಗಡಿಯವನು ಅದಕ್ಕಿಂತ ಜಾಸ್ತಿ ತಗೊಂಡು, ಮೇಲೆ ಚಾಕಲೇಟು ಬೇರೆ ಕೊಟ್ಟಿದ್ದ!

ಅವತ್ತಿನಿಂದ ಯಾವ ದುಡ್ಡಿನ ವಿಷಯ ಬಂದರೂ ಅಜ್ಜಿಯ ಭಾಷೆಗೆ ತಿರುಗಿಸಿಯೇ ನೋಡೋದು. ವರ್ಷದ ಶೇಕಡಾವನ್ನು 12ರಿಂದ ಭಾಗಿಸಿದರೆ ಮುಗಿಯಿತು. ಶೇ. 3 ಕೊಡುವ ಉಳಿತಾಯ ಖಾತೆ ನಾಲ್ಕಾಣೆ ಬಡ್ಡಿ. ತಿಂಗಳು ತಿಂಗಳು ಕಟ್ಟುತ್ತಾ ಹೋಗುವ, ಶೇ. 6.7ರ ಅಂಚೆ ಕಚೇರಿ ಆರ್‌ಡಿ 56 ಪೈಸೆ. ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡು ಮೂರೂವರೆ ರೂಪಾಯಿ ಆಸುಪಾಸು. ಕೊಡುವ ದುಡ್ಡು ರೂಪಾಯಿ ಲೆಕ್ಕದಲ್ಲಿ, ಬರುವ ದುಡ್ಡು ಪೈಸೆ ಲೆಕ್ಕದಲ್ಲಿ. ಹಾಗಾಗಿ ಮೊದಲು ಸಾಲ, ಆಮೇಲೆ ಉಳಿತಾಯ ಅಂತ ತೀರ್ಮಾನ ಮಾಡಿದೆ.

ತೀರ್ಮಾನ ಏನೋ ಚೆನ್ನಾಗಿತ್ತು. ಆದರೆ ಆರನೇ ಕಂತು ತಪ್ಪಿತು. ಸ್ಕಾಲರ್‌ಶಿಪ್ ಬರೋದು ತಡವಾಗಿತ್ತು, ಕಂತು ಕಡಿಯುವ ಐದನೇ ತಾರೀಕು ಖಾತೆಯಲ್ಲಿ 900 ಚಿಲ್ಲರೆ ಇತ್ತು. ಬ್ಯಾಂಕು 295 ಕಡಿದುಕೊಂಡಿತು, ಸಾಲ ಕೊಟ್ಟವರು 500 ದಂಡ ಹಾಕಿದರು. ಮುನ್ನೂರು ರೂಪಾಯಿ ಸಾಲದೆ ಹೋದದ್ದಕ್ಕೆ 795. ಎಕ್ಸೆಲ್ಲಿಗೆ ಅದನ್ನು ಸೇರಿಸಿ ನೋಡುವ ಧೈರ್ಯ ಬರಲಿಲ್ಲ. ಯಾರು ಸಾಲ ಹೇಗೆ ತೀರಿಸಿದರು ಅಂತ ದಾಖಲೆ ಇಡುವ ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಂದು ವರದಿ ಪುಕ್ಕಟೆ ಕೊಡಬೇಕು ಅಂತ ನಿಯಮ ಇದೆ. ತೆಗೆಸಿ ನೋಡಿದರೆ ಆ ತಡವಾದ ತಿಂಗಳೂ ಅಲ್ಲಿ ಕೂತಿತ್ತು. ಆಮೇಲೆ ಸಾಲ ಮುಗಿಯೋ ತನಕ ಒಂದು ಕಂತಿನಷ್ಟು ದುಡ್ಡನ್ನು ಖಾತೆಯಲ್ಲಿ ಮುಟ್ಟದೆ ಬಿಟ್ಟಿದ್ದೆ.

ಖರ್ಚು ಬರೆದಿಡಿ ಅಂತ ಎಲ್ಲರೂ ಹೇಳ್ತಾರೆ. ನಾನು ಹನ್ನೊಂದು ದಿನ ಬರೆದು ಬಿಟ್ಟೆ. ತಿಂಗಳ ಕೊನೆಗೆ ಫೋನ್‌ಪೇ ಪಟ್ಟಿ ಒಂದು ಸಲ ಓದೋದು ಮಾತ್ರ ಉಳಿದುಕೊಂಡಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಊರಿಗೆ ಹೋಗಿಬರುವ ಬಸ್ ಚಾರ್ಜು ಉಳಿಯುತ್ತಲ್ಲ, ಅದೆಲ್ಲಿ ಹೋಗ್ತಿದೆ ಅಂತ ನೋಡಿದರೆ ಸಂಜೆಯ ಗೋಬಿ ಗಾಡಿಗೆ. ಫೋನ್ ಸಾಲ ಮುಗಿದ ತಿಂಗಳೇ ಬ್ಯಾಂಕಿನಲ್ಲಿ 500 ರೂಪಾಯಿಯ ಒಂದು ವರ್ಷದ ಆರ್‌ಡಿ ಶುರುಮಾಡಿದೆ. ಅಂಚೆ ಕಚೇರಿಯದ್ದು 100 ರೂಪಾಯಿಗೂ ಆಗುತ್ತೆ, ಆದರೆ ಐದು ವರ್ಷದ್ದು. ಮೂರು ವರ್ಷಕ್ಕೆ ಮೊದಲು ಮುರಿಯೋಕಾಗಲ್ಲ, ಆಮೇಲೆ ಮುರಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಪರೀಕ್ಷೆ ಫೀಸಿಗೆ ಬೇಕಾಗುವ ದುಡ್ಡನ್ನು ಅಲ್ಲಿಡೋದು ನನಗೆ ಸರಿ ಕಾಣಲಿಲ್ಲ. ಷೇರಿನ ಸುದ್ದಿಗೆ ನಾನು ಹೋಗಿಲ್ಲ. ಕ್ಲಾಸಿನ ಹುಡುಗರು ಫ್ಯೂಚರ್ಸ್, ಆಪ್ಷನ್ಸ್ ಅಂತ, ಷೇರಿನ ಬೆಲೆ ಏರುತ್ತೋ ಇಳಿಯುತ್ತೋ ಅನ್ನೋದರ ಮೇಲೆ ದುಡ್ಡು ಕಟ್ಟಿಕೊಂಡು ಕೊನೇ ಬೆಂಚಿನಲ್ಲಿ ಫೋನ್ ಹಿಡಿದು ಕೂರ್ತಿದ್ದರು. ಅದರಲ್ಲಿ ಆಡಿದ ನೂರರಲ್ಲಿ 93 ಜನ ಮೂರು ವರ್ಷದಲ್ಲಿ ನಷ್ಟ ಮಾಡಿಕೊಂಡಿದ್ದಾರೆ ಅಂತ ಷೇರುಪೇಟೆ ನೋಡಿಕೊಳ್ಳುವ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿತು. ತೋರಿಸಿದೆ. ಪ್ರತಿಯೊಬ್ಬನೂ ತಾನು ಉಳಿದ ಏಳರಲ್ಲಿ ಒಬ್ಬ ಅಂದ.

ನಿಜವಾಗಿ ದುಡ್ಡು ಉಳಿದದ್ದು ನನ್ನ ಆರ್‌ಡಿಯಿಂದ ಅಲ್ಲ, ಅಪ್ಪನ ಆಲೂಗಡ್ಡೆಯಿಂದ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆಗಡ್ಡೆ ಬರುತ್ತೆ. ಅದನ್ನು ಕೊಳ್ಳೋಕೆ ಅಪ್ಪ ಪ್ರತಿವರ್ಷ ಕೈಸಾಲ ಮಾಡೋರು: 30,000, ಮೂರು ರೂಪಾಯಿ ಬಡ್ಡಿ, ನಾಲ್ಕು ತಿಂಗಳು. ಅಂದರೆ 3,600. ಸೊಸೈಟಿಯ ಬಡ್ಡಿಯಿಲ್ಲದ ಬೆಳೆ ಸಾಲ ಆಗಲೇ ತಗೊಂಡಾಗಿತ್ತು. ನಮ್ಮ ಒಂದೂವರೆ ಎಕರೆಗೆ ಕೊಡೋದೇ ಅಷ್ಟು. (ಅದು ನಿಜವಾದ ಝೀರೋ ಬಡ್ಡಿ. ಅಲ್ಲೂ ಬಡ್ಡಿ ಇರುತ್ತೆ, ಸರ್ಕಾರ ಕಟ್ಟುತ್ತೆ.) ಕೊನೇ ವರ್ಷದಲ್ಲಿ ನಾನು ಕೇಳಿದೆ: ಅಮ್ಮನ ಸರ ಬ್ಯಾಂಕಲ್ಲಿ ಇಟ್ಟರೆ ಶೇ. 9, ಅಂದರೆ ಮುಕ್ಕಾಲು ರೂಪಾಯಿ ಬಡ್ಡಿ. ನಾಲ್ಕು ತಿಂಗಳಿಗೆ 900.

ಅಪ್ಪ ಒಪ್ಪಿದರು, ಅಮ್ಮ ಒಪ್ಪಲಿಲ್ಲ. ಕೈಸಾಲ ಮಾಡಿದರೆ ಕೊಟ್ಟವನಿಗೆ ಮಾತ್ರ ಗೊತ್ತು, ಸರ ಇಟ್ಟರೆ ಬರಿಗತ್ತು ಊರಿಗೆಲ್ಲ ಕಾಣುತ್ತೆ ಅನ್ನೋದು ಅವರ ಮಾತು. ಮೂರು ದಿನ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕನೇ ದಿನ ಅಮ್ಮ ತಾವೇ ಅರಿಶಿನದ ದಾರ ಕಟ್ಟಿಕೊಂಡು ಹೊರಟರು. ಬ್ಯಾಂಕಿನ ಅಕ್ಕಸಾಲಿ ಸರವನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟ. "ಎಷ್ಟು ಸವೀತು?" ಅಂತ ಅಮ್ಮ ಕೇಳಿದ್ದು ಕೌಂಟರ್ ಆಚೆಯವರಿಗೂ ಕೇಳಿಸಿತು. ಅವನ ಫೀಸು ಬೇರೆ ಹೋಯಿತು, ಆದರೂ 2,000ದ ಮೇಲೆ ಉಳಿಯಿತು. ಆ ವರ್ಷ ಅಂಗಮಾರಿ ರೋಗ ಅಷ್ಟಾಗಿ ಬೀಳಲಿಲ್ಲ, ಸೆಪ್ಟೆಂಬರಲ್ಲಿ ಸರ ವಾಪಸ್ ಬಂತು. ಬೆಳೆ ಕೈಕೊಟ್ಟಿದ್ದರೆ ಕೈಸಾಲ ಕೊಟ್ಟವರ ಕೈಕಾಲು ಹಿಡಿಯಬಹುದಿತ್ತು, ಬ್ಯಾಂಕಿನ ಹರಾಜು ನೋಟಿಸಿಗೆ ಕೈಕಾಲು ಎಲ್ಲಿಂದ ತರೋದು? ಈ ಭಯ ನನಗೆ ಈಗಲೂ ಇದೆ, ಅಮ್ಮನ ಹತ್ತಿರ ಹೇಳಿಲ್ಲ.

ಕಳೆದ ತಿಂಗಳು ಅಜ್ಜಿ ಎಲೆಅಡಿಕೆ ಚೀಲದಿಂದ ಮಡಿಸಿದ ನೋಟುಗಳನ್ನು ತೆಗೆದು ನನ್ನ ಮುಂದೆ ಇಟ್ಟಳು. ಎಣಿಸಿದರೆ 8,000. ಬಡ್ಡಿಗೆ ಬಿಡು ಅಂದಳು. ಅವಳ ಹೆಸರಲ್ಲೇ ಎಫ್‌ಡಿ ಮಾಡಿಸಿದೆ, ಅರವತ್ತು ದಾಟಿದವರಿಗೆ ಅರ್ಧ ಶೇಕಡಾ ಹೆಚ್ಚಿಗೆ ಕೊಡ್ತಾರೆ. ನಾಲ್ಕು ಪೈಸೆ ಜಾಸ್ತಿ ಅಂತ ಹೇಳಿದರೆ, "ನಾಕ್ ಪೈಸೆ ಯಾವ ಅಂಗಡೀಲಿ ನಡೀತದೆ?" ಅಂದಳು. ನಾಮಿನಿ ಯಾರು ಅಂತ ಬ್ಯಾಂಕಿನವರು ಕೇಳಿದಾಗ ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಅಜ್ಜಿ ನಮ್ಮ ಚಿಕ್ಕಪ್ಪನ ಹೆಸರು ಹೇಳಿದಳು.