ಟೈಫೂನ್ ದಡ ಮುಟ್ಟುವ ಹೊತ್ತು: ದೂರದಿಂದ ಗಾಳಿಯನ್ನೂ ಕಡಲನ್ನೂ ಗಮನಿಸುವುದು ಹೇಗೆ?

2013ರ ನವೆಂಬರ್ 8ರ ಬೆಳಗಿನ ಜಾವ 4.40ಕ್ಕೆ ಫಿಲಿಪ್ಪೀನ್ಸ್‌ನ ಪೂರ್ವ ಸಮಾರ್ ಪ್ರಾಂತ್ಯದ ಗಿವಾನ್ ಪಟ್ಟಣದ ಬಳಿ ಹೈಯಾನ್ ಟೈಫೂನ್ ಮೊದಲ ಸಲ ನೆಲ ಮುಟ್ಟಿದಾಗ ನಮ್ಮ ಗಡಿಯಾರದಲ್ಲಿ ರಾತ್ರಿ 2.10. ಎಚ್ಚರವಿದ್ದು ಅದನ್ನು ಹಿಂಬಾಲಿಸುತ್ತಿದ್ದವರ ಕಣ್ಣೆಲ್ಲ ಒಂದೇ ಅಂಕಿಯ ಮೇಲಿತ್ತು: ಗಂಟೆಗೆ 315 ಕಿ.ಮೀ. ವೇಗದ ಗಾಳಿ. ಆದರೆ ಆ ದುರಂತದಲ್ಲಿ ಸತ್ತರೆಂದು ಸರ್ಕಾರಿ ಲೆಕ್ಕ ಹೇಳುವ 6,300 ಜನರಲ್ಲಿ ಬಹುಪಾಲು ಮಂದಿಯನ್ನು ಕೊಂದದ್ದು ಗಾಳಿಯಲ್ಲ, ಗಾಳಿ ತಳ್ಳಿಕೊಂಡು ಬಂದ ಸಮುದ್ರ. ಟೈಫೂನ್ ಒಂದು ದಡಕ್ಕೆ ಬರುತ್ತಿರುವಾಗ ದೂರದಲ್ಲಿ ಕುಳಿತು ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಹೈಯಾನ್‌ನ ಉದಾಹರಣೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಮಕ್ಕಳು ವೈದ್ಯಕೀಯ ಓದಲೆಂದು ಫಿಲಿಪ್ಪೀನ್ಸ್‌ಗೆ ಹೋಗಿರುವ ಮನೆಗಳಲ್ಲಿ, ಹಡಗಿನ ಕೆಲಸದಲ್ಲಿರುವವರ ಮನೆಗಳಲ್ಲಿ ಇದು ಬರೀ ಕುತೂಹಲದ ವಿಷಯವಲ್ಲ.

ಮೊದಲು ಹೆಸರು ಮತ್ತು ಗಡಿಯಾರ

ಟೈಫೂನ್, ಹರಿಕೇನ್, ಸೈಕ್ಲೋನ್ ಮೂರೂ ಒಂದೇ ಬಗೆಯ ಚಂಡಮಾರುತಗಳು. ಸಾಗರ ಬದಲಾದಂತೆ ಹೆಸರು ಬದಲಾಗುತ್ತದೆ, ಅಷ್ಟೇ. ಪೆಸಿಫಿಕ್ ಸಾಗರದ ವಾಯವ್ಯ ಭಾಗದಲ್ಲಿ ಹುಟ್ಟಿದ್ದು ಟೈಫೂನ್. ನಮ್ಮ ಸುದ್ದಿಗಳಲ್ಲಿ ಆಗಾಗ ಇದನ್ನು ಸುಂಟರಗಾಳಿ ಎಂದು ಬರೆಯುವುದುಂಟು. ಅದು ತಪ್ಪು. ಸುಂಟರಗಾಳಿ ಕೆಲವು ನೂರು ಮೀಟರ್ ಅಗಲದ, ಸ್ವಲ್ಪ ಹೊತ್ತು ಬಾಳುವ ಸುಳಿ. ಟೈಫೂನ್ ನೂರಾರು ಕಿಲೋಮೀಟರ್ ಅಗಲದ, ದಿನಗಟ್ಟಲೆ ಬದುಕುವ ವ್ಯವಸ್ಥೆ.

ಫಿಲಿಪ್ಪೀನ್ಸ್ ಕಡೆಗೆ ಬರುವ ಟೈಫೂನ್‌ಗೆ ಎರಡು ಹೆಸರಿರುತ್ತವೆ. ಅಂತಾರಾಷ್ಟ್ರೀಯ ಹೆಸರನ್ನು ಜಪಾನ್ ಹವಾಮಾನ ಸಂಸ್ಥೆ ಇಡುತ್ತದೆ. ದೇಶದ ಜಲಗಡಿಯ ಸಮೀಪ ಬಂದಾಗ ಅಲ್ಲಿನ ಹವಾಮಾನ ಇಲಾಖೆಯಾದ ಪಗಾಸಾ ತನ್ನದೇ ಪಟ್ಟಿಯಿಂದ ಇನ್ನೊಂದು ಹೆಸರು ಕೊಡುತ್ತದೆ. ಜಗತ್ತಿಗೆ ಹೈಯಾನ್ ಆದದ್ದು ಅಲ್ಲಿನ ಜನರಿಗೆ ಯೋಲಾಂಡಾ. ಒಂದೇ ಹೆಸರಿನಲ್ಲಿ ಹುಡುಕಿದರೆ ಸ್ಥಳೀಯ ಮಾಹಿತಿಯ ಅರ್ಧ ಭಾಗ ಕೈತಪ್ಪಿಹೋಗುತ್ತದೆ.

ಇನ್ನು ಸಮಯ. ಹವಾಮಾನ ಪ್ರಕಟಣೆಗಳು, ಉಪಗ್ರಹ ಚಿತ್ರಗಳು ಬಹುತೇಕ ಯುಟಿಸಿ, ಅಂದರೆ ವಿಶ್ವಮಾನ್ಯ ಸಮಯದಲ್ಲಿರುತ್ತವೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ಭಾರತದ ಸಮಯ, ಎಂಟು ಗಂಟೆ ಸೇರಿಸಿದರೆ ಫಿಲಿಪ್ಪೀನ್ಸ್ ಸಮಯ. ಒಂದು ಹಾಳೆಯ ಮೇಲೆ ಮೂರು ಕಂಬ ಸಾಲು ಎಳೆದು ಮೂರೂ ಸಮಯಗಳನ್ನು ಬರೆದಿಟ್ಟುಕೊಳ್ಳಿ. ಇದು ಬಾಲಿಶವೆನಿಸಬಹುದು, ಆದರೆ ನಿದ್ದೆಗಣ್ಣಿನಲ್ಲಿ ಆರು ಗಂಟೆ ಹಳೆಯ ಚಿತ್ರವನ್ನು ಈಗಿನದೆಂದು ನಂಬಿ ಗಾಬರಿಯಾಗುವುದನ್ನು ಇದರಿಂದ ತಪ್ಪಿಸಿಕೊಳ್ಳಬಹುದು.

ಗಾಳಿಯ ಅಂಕಿಯನ್ನು ಓದುವ ಬಗೆ

ಒಂದೇ ಟೈಫೂನ್‌ಗೆ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ವೇಗ ಹೇಳುತ್ತವೆ. ಹೈಯಾನ್ ತುತ್ತತುದಿಯಲ್ಲಿದ್ದಾಗ ಹವಾಯಿಯಲ್ಲಿರುವ ಅಮೆರಿಕದ ಜಂಟಿ ಟೈಫೂನ್ ಎಚ್ಚರಿಕೆ ಕೇಂದ್ರವು 170 ನಾಟ್, ಅಂದರೆ ಗಂಟೆಗೆ 315 ಕಿ.ಮೀ. ಎಂದಿತು, ಜಪಾನ್ ಸಂಸ್ಥೆ 230 ಕಿ.ಮೀ. ಎಂದಿತು. ಯಾರೂ ಸುಳ್ಳು ಹೇಳಿರಲಿಲ್ಲ. ಅಮೆರಿಕದವರು ಒಂದು ನಿಮಿಷದ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ, ಜಪಾನ್ ಮತ್ತು ಪಗಾಸಾ ಹತ್ತು ನಿಮಿಷದ್ದನ್ನು. ನಮ್ಮ ಭಾರತೀಯ ಹವಾಮಾನ ಇಲಾಖೆ ಮೂರು ನಿಮಿಷದ್ದನ್ನು. ಸರಾಸರಿಯ ಅವಧಿ ಹಿಗ್ಗಿದಷ್ಟೂ ಅಂಕಿ ತಗ್ಗುತ್ತದೆ. ಅದರ ಮೇಲೆ, ಸಮುದ್ರದ ನಡುವೆ ಗಾಳಿಯನ್ನು ಅಳೆಯುವ ಉಪಕರಣವಿಲ್ಲದಿರುವಾಗ ಈ ವೇಗಗಳೆಲ್ಲ ಮುಖ್ಯವಾಗಿ ಉಪಗ್ರಹ ಚಿತ್ರದಿಂದ ಮಾಡಿದ ಅಂದಾಜುಗಳು. ಆದ್ದರಿಂದ ಒಂದು ಸಂಸ್ಥೆಯನ್ನು ಹಿಡಿದು ಅದರ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದೇ ಸರಿ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ‘ಬಿರುಗಾಳಿ ದುರ್ಬಲವಾಯಿತು’ ಎನ್ನುವುದು ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕಕ್ಕೆ ಹಿಡಿದಂತೆ.

ಪಗಾಸಾ ಹೊರಡಿಸುವ ಗಾಳಿ ಸಂಕೇತಗಳು ಈಗ 1ರಿಂದ 5ರವರೆಗಿವೆ. 2022ರ ಪರಿಷ್ಕರಣೆಯ ಪ್ರಕಾರ ಗಂಟೆಗೆ 185 ಕಿ.ಮೀ. ಹಾಗೂ ಅದಕ್ಕಿಂತ ಹೆಚ್ಚಿನ ಗಾಳಿಗೆ 5ನೇ ಸಂಕೇತ. ಹೈಯಾನ್ ಕಾಲದಲ್ಲಿ 4ಕ್ಕೇ ನಿಲ್ಲುತ್ತಿತ್ತು. ಈ ಸಂಖ್ಯೆ ಗಾಳಿಯನ್ನು ಮಾತ್ರ ಹೇಳುತ್ತದೆ, ನೀರನ್ನು ಹೇಳುವುದಿಲ್ಲ ಎಂಬುದನ್ನು ಮರೆಯಬಾರದು. ಬಿರುಗಾಳಿಯ ಉಬ್ಬರದ, ಅಂದರೆ ಗಾಳಿ ತಳ್ಳಿಕೊಂಡು ಬರುವ ಸಮುದ್ರದ ಏರಿಕೆಯ, ಎಚ್ಚರಿಕೆಯನ್ನು ಬೇರೆಯಾಗಿಯೇ ಹುಡುಕಿ ಓದಬೇಕು.

ಹಾಗೆಯೇ ಮುನ್ಸೂಚನೆಯ ನಕ್ಷೆಯಲ್ಲಿ ಕಾಣುವ ವೃತ್ತಗಳು. ಜಪಾನ್ ಸಂಸ್ಥೆಯ ನಕ್ಷೆಯಲ್ಲಿನ ಮುನ್ಸೂಚನಾ ವೃತ್ತವೆಂದರೆ ಆ ಹೊತ್ತಿಗೆ ಟೈಫೂನ್‌ನ ಕೇಂದ್ರ ಅದರೊಳಗಿರುವ ಸಾಧ್ಯತೆ ಶೇ 70 ಎಂದರ್ಥ. ಅದು ಬಿರುಗಾಳಿಯ ಗಾತ್ರವಲ್ಲ. ವೃತ್ತದ ಹೊರಗಿನ ಊರಿಗೆ ಗಾಳಿ, ಮಳೆ, ಸಮುದ್ರ ಬರುವುದಿಲ್ಲವೆಂದು ಅದು ಭರವಸೆ ಕೊಡುವುದಿಲ್ಲ.

ನಕ್ಷೆಯಲ್ಲಿ ನೀರು ಎಲ್ಲಿಗೆ ಹೋಗುತ್ತದೆಂದು ಗುರುತಿಸಿ

ಟೈಫೂನ್ ದಡ ಮುಟ್ಟುವ ಒಂದು ದಿನ ಮೊದಲೇ ಮಾಡಬೇಕಾದ, ಅತ್ಯಂತ ಹೆಚ್ಚು ಫಲ ಕೊಡುವ ಕೆಲಸ ಇದು. ಬಹುಮಂದಿ ಬಿಟ್ಟುಬಿಡುವ ಕೆಲಸವೂ ಇದೇ. ಕರಾವಳಿಯ ನಕ್ಷೆ ತೆರೆದು, ಮುನ್ಸೂಚನೆಯ ಪಥವನ್ನು ಅದರ ಮೇಲೆ ಎಳೆಯಿರಿ.

ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹೀಗಾಗಿ ಅದು ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗಡೆಯಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಕೂಡಿಕೊಳ್ಳುತ್ತದೆ. ಹೈಯಾನ್ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಓಡುತ್ತಿತ್ತು, ಇದು ಟೈಫೂನ್‌ಗಳ ಮಟ್ಟಿಗೆ ಬಲು ಚುರುಕಿನ ನಡೆ. ಅದರ ಕೇಂದ್ರ ಬೆಳಿಗ್ಗೆ ಏಳರ ಸುಮಾರಿಗೆ ಲೇಯ್ಟೆ ದ್ವೀಪದ ಟೊಲೋಸಾ ಬಳಿ ಎರಡನೆಯ ಸಲ ನೆಲ ಮುಟ್ಟಿತು. ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕೆ, ಅಂದರೆ ಸರಿಯಾಗಿ ಬಲಗಡೆಯಲ್ಲಿ, ತಕ್ಲೋಬಾನ್ ನಗರವಿತ್ತು.

ಪಥ ಗೊತ್ತಾದ ಮೇಲೆ ದಡದ ಆಕಾರ ನೋಡಬೇಕು. ಸಮಾರ್ ದ್ವೀಪದ ಪೂರ್ವಕ್ಕೆ ಸಮುದ್ರ ಬೇಗನೆ ಆಳವಾಗಿ ಫಿಲಿಪ್ಪೀನ್ ಕಂದಕಕ್ಕೆ ಇಳಿಯುತ್ತದೆ. ಆಳವಾದ ಕಡಲಿನಲ್ಲಿ ತಳ್ಳಲ್ಪಟ್ಟ ನೀರು ಕೆಳಗಿನಿಂದ ಹಿಂದಿರುಗಲು ಎಡೆಯಿರುತ್ತದೆ. ಲೇಯ್ಟೆ ಕೊಲ್ಲಿಯ ತಲೆಯಲ್ಲಿರುವ ಸ್ಯಾನ್ ಪೆಡ್ರೊ ಕೊಲ್ಲಿಯ ಕಥೆ ಬೇರೆ. ಅದು ಆಳವಿಲ್ಲದ್ದು, ದಕ್ಷಿಣಕ್ಕೆ ಬಾಯಿ ತೆರೆದದ್ದು, ಉತ್ತರಕ್ಕೆ ಹೋದಂತೆ ಆಲಿಕೆಯ ಹಾಗೆ ಕಿರಿದಾಗಿ ಸ್ಯಾನ್ ಹುವಾನಿಕೊ ಜಲಸಂಧಿಯಲ್ಲಿ ಕೊನೆಗೊಳ್ಳುವಂಥದ್ದು. ಆ ಆಲಿಕೆಯ ಕತ್ತಿನಲ್ಲೇ ತಕ್ಲೋಬಾನ್ ಕುಳಿತಿದೆ. ಒಳನುಗ್ಗಿದ ನೀರಿಗೆ ಹಿಂದೆ ಸರಿಯಲು ದಾರಿಯಿಲ್ಲದೆ ಅದು ಮೇಲೇರಿತು. ನಗರದಲ್ಲಿ ಉಬ್ಬರ ಐದಾರು ಮೀಟರ್ ಮುಟ್ಟಿತು, ಅಂದರೆ ನೆಲಮಹಡಿಯ ಮೇಲೆ ಇನ್ನೊಂದು ಮಹಡಿಯಿರುವ ಮನೆಯ ತಾರಸಿಯ ಮಟ್ಟ.

ಇಷ್ಟು ನೀರು ಎಲ್ಲಿಂದ ಬಂತೆಂದು ಕೇಳುವವರಿಗೆ ಒಂದು ಸರಳ ಲೆಕ್ಕವಿದೆ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಕುಸಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಜಪಾನ್ ಸಂಸ್ಥೆಯ ಅಂದಾಜಿನಂತೆ ಹೈಯಾನ್‌ನ ಕೇಂದ್ರದ ಭಾರ 895 ಹೆಕ್ಟೊಪಾಸ್ಕಲ್‌ಗೆ ಇಳಿದಿತ್ತು. ಸಾಮಾನ್ಯ ಭಾರ 1010 ಎಂದಿಟ್ಟುಕೊಂಡರೆ ಇದರಿಂದ ಏರುವುದು ಒಂದು ಮೀಟರ್‌ಗಿಂತ ತುಸು ಹೆಚ್ಚು ಮಾತ್ರ. ಉಳಿದದ್ದೆಲ್ಲ ಗಾಳಿ ತಳ್ಳಿದ ನೀರು. ಟೈಫೂನ್‌ನ ನಟ್ಟನಡುವಿನ ಶಾಂತ ಭಾಗವಾದ ‘ಕಣ್ಣಿನ ಕೆಳಗೆ ಸಮುದ್ರ ಹೀರಲ್ಪಡುತ್ತದೆ’ ಎಂಬ ಜನಪ್ರಿಯ ವಿವರಣೆ ಉಬ್ಬರದ ಒಂದು ಸಣ್ಣ ಪಾಲನ್ನಷ್ಟೇ ಹೇಳುತ್ತದೆ. ಇದರ ಜೊತೆಗೆ ಆ ದಿನದ ಉಬ್ಬರವಿಳಿತದ ಪಟ್ಟಿಯನ್ನೂ ತೆಗೆದಿಟ್ಟುಕೊಳ್ಳಿ. ದಿನನಿತ್ಯದ ಭರತದ ಹೊತ್ತಿಗೇ ಬಿರುಗಾಳಿ ಬಂದರೆ ಎರಡೂ ಕೂಡುತ್ತವೆ.

ಕೊನೆಯದಾಗಿ ಆ ಊರಿನ ಇತಿಹಾಸವನ್ನು ಒಮ್ಮೆ ಕೆದಕಿ ನೋಡಬೇಕು. 1897ರ ಅಕ್ಟೋಬರ್‌ನಲ್ಲಿ ಇದೇ ಸಮಾರ್ ಮತ್ತು ಲೇಯ್ಟೆಗಳ ಮೇಲೆ ಟೈಫೂನ್ ಹಾದು ಸಮುದ್ರ ಒಳನುಗ್ಗಿತ್ತು. ಮನಿಲಾ ವೀಕ್ಷಣಾಲಯದ ಪಾದ್ರಿ ಹೊಸೆ ಅಲ್ಗೆ ಅದನ್ನು ವಿವರವಾಗಿ ಬರೆದಿಟ್ಟಿದ್ದರು. 1912ರ ನವೆಂಬರ್‌ನಲ್ಲಿಯೂ ತಕ್ಲೋಬಾನ್ ಟೈಫೂನ್‌ಗೆ ತುತ್ತಾಗಿತ್ತು.

ದಡ ಮುಟ್ಟುವ ರಾತ್ರಿ

ಈಗ ಉಪಗ್ರಹ ಚಿತ್ರ ತೆರೆಯಿರಿ. ಜಪಾನಿನ ಹಿಮಾವರಿ-9 ಉಪಗ್ರಹ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಭೂಗೋಳದ ಆ ಇಡೀ ಮುಖವನ್ನೂ, ಆರಿಸಿಕೊಂಡ ಟೈಫೂನ್‌ನ ಸುತ್ತಲಿನ ಪ್ರದೇಶವನ್ನು ಎರಡೂವರೆ ನಿಮಿಷಕ್ಕೊಮ್ಮೆಯೂ ಸೆರೆಹಿಡಿಯುತ್ತದೆ. ರಾತ್ರಿ ಶಾಖವನ್ನು ತೋರಿಸುವ ಅವಗೆಂಪು (ಇನ್‌ಫ್ರಾರೆಡ್) ಚಿತ್ರವೇ ಗತಿ. ಅದರಲ್ಲಿ ನಡುವಿನ ಕಣ್ಣು ಬೆಚ್ಚಗೆ, ಸುತ್ತಲಿನ ಮೋಡದ ಉಂಗುರ ಕಡುತಂಪಾಗಿ, ಅಚ್ಚುಕಟ್ಟಾಗಿ ದುಂಡಗೆ ಕಂಡರೆ ಟೈಫೂನ್ ಬಲವಾಗಿದೆ ಎಂದರ್ಥ. ರಾಡಾರ್‌ನಲ್ಲಿ ಒಂದರ ಹೊರಗೊಂದು ಎರಡು ಉಂಗುರ ಕಂಡರೆ ಕಣ್ಣಿನ ಗೋಡೆ, ಅಂದರೆ ಕಣ್ಣನ್ನು ಸುತ್ತುವರಿದ ಅತಿ ಬಿರುಸಿನ ಗಾಳಿಯ ಉಂಗುರ, ಬದಲಾಗುತ್ತಿದೆ. ಆಗ ಗಾಳಿಯ ಗರಿಷ್ಠ ವೇಗ ತುಸು ಇಳಿದರೂ ಬಲವಾದ ಗಾಳಿಯ ವ್ಯಾಪ್ತಿ ಹಿಗ್ಗುತ್ತದೆ, ಉಬ್ಬರದ ಮಟ್ಟಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಕಣ್ಣು ದಡ ತಲುಪುವವರೆಗೆ ಕಾಯಬೇಡಿ. ‘ಭೂಸ್ಪರ್ಶ’ ಎಂಬುದು ಕೇಂದ್ರ ನೆಲ ಮುಟ್ಟಿದ ಕ್ಷಣ ಮಾತ್ರ. ಕಣ್ಣಿನ ಗೋಡೆ ಅದಕ್ಕಿಂತ ಮೊದಲೇ ಬಂದಿರುತ್ತದೆ.

ಗಾಳಿ ತಿರುಗುವ ಗಳಿಗೆ

ನೀರು ಯಾವಾಗ ಬರುತ್ತದೆಂದು ತಿಳಿಯಲು ಗಾಳಿಯ ವೇಗಕ್ಕಿಂತ ದಿಕ್ಕು ಹೆಚ್ಚು ಉಪಯುಕ್ತ. ಹೈಯಾನ್ ಇನ್ನೂ ಪೂರ್ವದಲ್ಲಿದ್ದಾಗ ತಕ್ಲೋಬಾನ್‌ನಲ್ಲಿ ಗಾಳಿ ವಾಯವ್ಯದಿಂದ, ಅಂದರೆ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿತ್ತು. ಅದು ಕೊಲ್ಲಿಯ ನೀರನ್ನು ಹೊರಗೆ ತಳ್ಳಿದ್ದರಿಂದ ದಡದಲ್ಲಿ ಕಡಲು ಹಿಂದೆ ಸರಿಯಿತು. ಕೇಂದ್ರ ದಕ್ಷಿಣದಲ್ಲಿ ಹಾದುಹೋದಂತೆ ಗಾಳಿ ತಿರುಗಿ ಪೂರ್ವದಿಂದ, ಆಮೇಲೆ ಆಗ್ನೇಯದಿಂದ ಬೀಸತೊಡಗಿತು. ಹೊರಗೆ ಹೋಗಿದ್ದ ನೀರಿನ ಜೊತೆಗೆ ಲೇಯ್ಟೆ ಕೊಲ್ಲಿಯ ನೀರೂ ಸೇರಿ ಕೆಲವೇ ನಿಮಿಷಗಳಲ್ಲಿ ನಗರದೊಳಕ್ಕೆ ನುಗ್ಗಿತು. ಆದ್ದರಿಂದ ಪಥದ ಬಲಗಡೆಯ ಕೊಲ್ಲಿಯೊಂದರಲ್ಲಿ ನೀರು ಇಳಿಯುತ್ತಿದೆ ಎಂಬ ವರದಿ ಬಂದರೆ ಅದನ್ನು ಅಪಾಯ ಕಳೆಯಿತೆಂದು ಓದಬಾರದು. ನಿಮ್ಮ ನಕ್ಷೆಯ ಮೇಲೆ ಗಾಳಿ ಯಾವಾಗ ದಡದತ್ತ ತಿರುಗಬಹುದೆಂದು ಮೊದಲೇ ಲೆಕ್ಕ ಹಾಕಿ, ಆ ಸಮಯವನ್ನು ಹಾಳೆಯ ಮೇಲೆ ಬರೆದಿಟ್ಟಿರಬೇಕು. ಇದೇ ತರ್ಕ ನಮ್ಮ ಅರಬ್ಬಿ ಸಮುದ್ರಕ್ಕೂ ಸಲ್ಲುತ್ತದೆ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಉತ್ತರಕ್ಕೆ ಸಾಗುವಾಗ ಕರ್ನಾಟಕದ ಕರಾವಳಿ ಅದರ ಬಲಗಡೆಯಲ್ಲಿತ್ತು, ಕೇಂದ್ರ ದೂರ ಸಮುದ್ರದಲ್ಲೇ ಇದ್ದರೂ ಉಳ್ಳಾಲದಲ್ಲಿ ಕಡಲ್ಕೊರೆತ ತಪ್ಪಲಿಲ್ಲ.

ನೀರಿನ ಮಟ್ಟವನ್ನು ನೇರವಾಗಿ ನೋಡುವ ಸೌಲಭ್ಯವೂ ಇದೆ. ಯುನೆಸ್ಕೊದ ಅಂತರಸರ್ಕಾರಿ ಸಾಗರ ಆಯೋಗಕ್ಕಾಗಿ ಬೆಲ್ಜಿಯಂನ ಫ್ಲಾಂಡರ್ಸ್ ಸಾಗರ ಸಂಸ್ಥೆ ನಡೆಸುವ ತಾಣದಲ್ಲಿ ಹಲವಾರು ದೇಶಗಳ ಬಂದರುಗಳ ಉಬ್ಬರಮಾಪಕಗಳ ಗೆರೆಗಳು ಆಗಿಂದಾಗ ಮೂಡುತ್ತಿರುತ್ತವೆ. ದಿನಕ್ಕೆರಡು ಸಲ ಏರಿಳಿಯುವ ಮಾಮೂಲಿ ಅಲೆಗೆರೆಯಿಂದ ರೇಖೆ ಎಷ್ಟು ಮೇಲಕ್ಕೆ ಕಳಚಿಕೊಂಡಿದೆಯೋ ಅಷ್ಟು ಬಿರುಗಾಳಿಯ ಉಬ್ಬರ. ಆದರೆ ಮಾಪಕ ಇರುವುದು ಬಂದರಿನಲ್ಲಿ. ಪಕ್ಕದ ಊರಿನ ಸ್ಥಿತಿ ಬೇರೆಯೇ ಇರಬಹುದು. ಪೂರ್ವ ಸಮಾರ್‌ನ ಹೆರ್ನಾನಿಯಲ್ಲಿ ಊರ ಮುಂದೆ ಹವಳದ ದಿಬ್ಬವಿತ್ತು. ಅದು ಅಲೆಗಳನ್ನು ಒಡೆದು ಊರನ್ನು ಕಾಯಬೇಕಿತ್ತು. ಬದಲಿಗೆ ದಿಬ್ಬದ ಮೇಲೆ ಒಡೆದ ಅಲೆಗಳು ಒಟ್ಟುಗೂಡಿ ಸುನಾಮಿಯನ್ನು ಹೋಲುವ ನೀರಿನ ಗೋಡೆಯಾಗಿ ಬಂದವು. ನೆರವು ಸಂಸ್ಥೆಯ ಸಿಬ್ಬಂದಿಯೊಬ್ಬರು ಚಿತ್ರಿಸಿದ ವಿಡಿಯೊದಲ್ಲಿ ಮನೆಯೊಂದು ಹಾಗೆಯೇ ಎದ್ದು ತೇಲಿಹೋಗುವುದು ಕಾಣುತ್ತದೆ.

ಮೌನವನ್ನು ಓದುವುದು

ದಡ ಮುಟ್ಟಿದ ಮೇಲೆ ಸುದ್ದಿ ಹೆಚ್ಚಾಗುತ್ತದೆಂದು ನಾವು ನಿರೀಕ್ಷಿಸುತ್ತೇವೆ. ಆಗುವುದು ತದ್ವಿರುದ್ಧ. ಗಿವಾನ್‌ನಲ್ಲಿದ್ದ ಡಾಪ್ಲರ್ ರಾಡಾರ್ ಅನ್ನು ಹೈಯಾನ್ ಕಿತ್ತುಹಾಕಿತು. ತಕ್ಲೋಬಾನ್‌ನ ವಿಮಾನ ನಿಲ್ದಾಣ, ದೂರವಾಣಿ, ವಿದ್ಯುತ್ ಎಲ್ಲವೂ ಹೋದವು. ಮೊದಲ ದಿನದ ವರದಿಗಳಲ್ಲಿ ಸಾವಿನ ಸಂಖ್ಯೆ ಬೆರಳೆಣಿಕೆಯಷ್ಟಿತ್ತು, ಏಕೆಂದರೆ ವರದಿ ಬರುತ್ತಿದ್ದುದು ಮಾತಾಡಲು ಸಾಧ್ಯವಿದ್ದ ಊರುಗಳಿಂದ. ಹಾಗಾಗಿ ನಕ್ಷೆಯಲ್ಲಿ ನೀವು ಮೊದಲೇ ಗುರುತಿಸಿದ ಊರುಗಳ ಪಟ್ಟಿ ಮಾಡಿ, ಯಾವುದರಿಂದ ಕೊನೆಯ ಸುದ್ದಿ ಎಷ್ಟು ಹೊತ್ತಿಗೆ ಬಂತೆಂದು ಬರೆಯುತ್ತ ಹೋಗಿ. ಬಲಗಡೆಯ ಕೊಲ್ಲಿಯ ಊರೊಂದು ಆರು ತಾಸುಗಳಿಂದ ಸುಮ್ಮನಿದ್ದರೆ ಅದನ್ನು ‘ಹಾನಿ ವರದಿಯಾಗಿಲ್ಲ’ ಎಂಬ ಸಾಲಿಗೆ ಸೇರಿಸಬಾರದು.

ಈ ತೆರಪನ್ನು ತುಂಬಲು ಹಳೆಯ ವಿಡಿಯೊಗಳು ಹರಿದಾಡತೊಡಗುತ್ತವೆ. ಬೇರೆ ದೇಶದ ಸುನಾಮಿ, ಬೇರೆ ವರ್ಷದ ಚಂಡಮಾರುತ ಎಲ್ಲವೂ ಬರುತ್ತವೆ. ಅಂಗಡಿಯ ಫಲಕದ ಭಾಷೆ, ವಾಹನ ಓಡುವ ಬದಿ, ಹಗಲೋ ರಾತ್ರಿಯೋ ಎಂಬುದನ್ನು ನಿಮ್ಮ ಮೂರು ಕಂಬ ಸಾಲಿನ ಹಾಳೆಯೊಡನೆ ತಾಳೆ ನೋಡಿದರೆ ಅರ್ಧ ಸುಳ್ಳುಗಳು ಅಲ್ಲಿಯೇ ಉದುರುತ್ತವೆ.

ಅಲ್ಲಿರುವ ನಿಮ್ಮವರಿಗೆ ಸಂದೇಶ ಕಳಿಸುವುದಿದ್ದರೆ ಗಾಳಿ ಏರುವ ಮೊದಲೇ ಕಳಿಸಿ, ಮತ್ತು ಪದಗಳನ್ನು ಎಚ್ಚರದಿಂದ ಆರಿಸಿ. ಪಗಾಸಾ ತನ್ನ ಪ್ರಕಟಣೆಯಲ್ಲಿ ಏಳು ಮೀಟರ್‌ವರೆಗಿನ ಉಬ್ಬರದ ಎಚ್ಚರಿಕೆ ಕೊಟ್ಟಿತ್ತು. ಆದರೆ ಈ ಉಬ್ಬರಕ್ಕೆ ಬಳಸಿದ ‘ಸ್ಟಾರ್ಮ್ ಸರ್ಜ್’ ಎಂಬ ಇಂಗ್ಲಿಷ್ ಮಾತು ತಮಗೆ ಅರ್ಥವಾಗಲಿಲ್ಲ, ಸುನಾಮಿಯಂತೆ ನೀರು ಬರುತ್ತದೆ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕುಳಿದ ಅನೇಕರು ಹೇಳಿದರು. ಅಲ್ಲಿನ ಭಾಷೆಯಲ್ಲಿ ಅದಕ್ಕೆ ‘ದಲುಯೊಂಗ್’ ಎಂಬ ಪದ ಬಳಕೆಗೆ ಬಂದಿದೆ. ನೀವು ಬರೆಯುವಾಗ ‘ಉಬ್ಬರ ಐದು ಮೀಟರ್’ ಎನ್ನುವ ಬದಲು ‘ನೆಲಮಹಡಿ ಪೂರ್ತಿ ಮುಳುಗಬಹುದು, ಎತ್ತರದ ಜಾಗಕ್ಕೆ ಈಗಲೇ ಹೋಗು’ ಎಂದು ಬರೆಯಿರಿ. ತಕ್ಲೋಬಾನ್‌ನಲ್ಲಿ ಆಶ್ರಯಕ್ಕೆಂದು ಗುರುತಿಸಿದ್ದ ಕೆಲವು ಕಟ್ಟಡಗಳಿಗೂ ನೀರು ನುಗ್ಗಿತ್ತು.

ಮರುದಿನ ಮತ್ತು ಮುಂದಿನ ವಾರ

ಒಂದು ಭೂಸ್ಪರ್ಶದೊಂದಿಗೆ ಎಲ್ಲ ಮುಗಿಯುವುದಿಲ್ಲ. ಹೈಯಾನ್ ಫಿಲಿಪ್ಪೀನ್ಸ್‌ನ ದ್ವೀಪಗಳ ಮೇಲೆ ಆರು ಸಲ ನೆಲ ಮುಟ್ಟಿ, ದಕ್ಷಿಣ ಚೀನಾ ಸಮುದ್ರ ದಾಟಿ, ಬಲಗುಂದಿದ ಸ್ಥಿತಿಯಲ್ಲಿ ನವೆಂಬರ್ 11ರ ಹೊತ್ತಿಗೆ ಉತ್ತರ ವಿಯೆಟ್ನಾಂ ಸೇರಿತು. ಪ್ರತಿ ಹೊಸ ದಡಕ್ಕೂ ಬಲಗಡೆ, ಕೊಲ್ಲಿ, ಭರತ, ಗಾಳಿಯ ದಿಕ್ಕು ಎಂಬ ಅದೇ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.

ಸಾವಿನ ಸಂಖ್ಯೆಯನ್ನು ಬರೆದಿಡುವಾಗ ಪಕ್ಕದಲ್ಲಿ ದಿನಾಂಕವನ್ನೂ ಹೇಳಿದವರು ಯಾರೆಂಬುದನ್ನೂ ಬರೆಯಿರಿ. ಮೊದಲ ದಿನ ಬೆರಳೆಣಿಕೆಯಷ್ಟಿದ್ದ ಲೆಕ್ಕ ಎರಡೇ ದಿನದಲ್ಲಿ ಸ್ಥಳೀಯ ಅಧಿಕಾರಿಗಳ ಅಂದಾಜಿನಲ್ಲಿ 10,000ಕ್ಕೆ ಹಾರಿತು. ಅಧ್ಯಕ್ಷ ಬೆನಿಗ್ನೊ ಅಕಿನೊ ಅದು 2,000ದಿಂದ 2,500 ಇರಬಹುದೆಂದರು. ಬಹಳ ಕಾಲದ ನಂತರ ಸರ್ಕಾರಿ ದಾಖಲೆ 6,300ರಲ್ಲಿ ನಿಂತಾಗ ಇನ್ನೂ ಸಾವಿರಕ್ಕೂ ಹೆಚ್ಚು ಜನ ಕಾಣೆಯಾದವರ ಪಟ್ಟಿಯಲ್ಲಿಯೇ ಉಳಿದಿದ್ದರು.