ನನ್ನ ಅನುಭವ: ನೋವು ಪಿರ್ರೆಯಲ್ಲಿ, ಸೂಜಿ ಮೂಳೆಯಂಚಿನಲ್ಲಿ
"ಚರ್ಮದ ನರದಿಂದ ಇಷ್ಟು ನೋವು ಬರುವುದುಂಟೇ? ಡಿಸ್ಕ್ ನೋಡಿ" ಎಂದವರೇ ಹೆಚ್ಚು. ಪಿರ್ರೆಯ ಮೇಲ್ಭಾಗದ ಚರ್ಮಕ್ಕೆ ಹೋಗುವ ಸುಪೀರಿಯರ್ ಕ್ಲೂನಿಯಲ್ ನರದ ಬ್ಲಾಕ್ (ನರದ ಪಕ್ಕ ಮರಗಟ್ಟಿಸುವ ಮದ್ದು ಚುಚ್ಚುವುದು) ಈಗ ನನಗೆ ಅಲ್ಟ್ರಾಸೌಂಡ್ ಇಲ್ಲದೆಯೂ, ಬರೀ ಬೆರಳಿನ ಗುರುತಿನ ಮೇಲೆ ಕೈಹಿಡಿಯುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಪ್ರಯೋಗಗಳು. ರೋಗಿ ಕೈಯಿಟ್ಟು ತೋರಿಸುವುದು ಪಿರ್ರೆಯ ಮೇಲ್ಭಾಗದ ಮಾಂಸವನ್ನು. ಅಲ್ಲಿಗೇ ಚುಚ್ಚಿದರೆ ಮದ್ದು ಗ್ಲೂಟಿಯಸ್ ಸ್ನಾಯುವಿಗೆ ಹೋಗುತ್ತದೆ, ನೋವು ಕದಲುವುದಿಲ್ಲ. ನರ ಸಿಕ್ಕಿಕೊಳ್ಳುವುದು ಅದಕ್ಕಿಂತ ಮೇಲೆ, ಸೊಂಟದ ಮೂಳೆಯ ಮೇಲಂಚಾದ ಇಲಿಯಾಕ್ ಕ್ರೆಸ್ಟ್ ದಾಟುವಲ್ಲಿ. ಒಳಬದಿಯ ಕವಲು ಥೊರಾಕೊಲಂಬರ್ ಫೇಶಿಯಾಕ್ಕೂ (ಬೆನ್ನಿನ ಸ್ನಾಯುಗಳ ಮೇಲಿನ ಗಟ್ಟಿ ಪೊರೆ) ಮೂಳೆಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಬೇಕು, ತೊಂದರೆಯೆಲ್ಲ ಅಲ್ಲಿ. ಎರಡನೆಯ ತಪ್ಪು, 10 ಮಿ.ಲೀ. ಮದ್ದು ಹಾಕಿದ್ದು. ನೋವೇನೋ ಇಳಿಯಿತು, ಆದರೆ ಅಷ್ಟು ಮದ್ದು ಸುತ್ತಲೂ ಹರಡಿದ ಮೇಲೆ ಇಳಿದದ್ದು ಯಾವ ನೋವು ಎಂದು ಹೇಳುವಂತಿಲ್ಲ. ಮೂರನೆಯದು ಅಳತೆಯ ಟೇಪನ್ನೇ ನಂಬಿದ್ದು. ಬೆನ್ನಿನ ಮಧ್ಯರೇಖೆಯಿಂದ ಸುಮಾರು 7 ಸೆಂ.ಮೀ. ಎನ್ನುವುದು ಹುಡುಕಾಟ ಶುರುಮಾಡುವ ಜಾಗ ಮಾತ್ರ. ಆಳಿಂದಾಳಿಗೆ ಒಂದು ಸೆಂ.ಮೀ. ಆಚೀಚೆ ಸಾಮಾನ್ಯ.

ಈಗ ಮಾಡುವುದು ಹೀಗೆ. ರೋಗಿಯನ್ನು ಬೋರಲು ಮಲಗಿಸಿ ಹೊಟ್ಟೆಯಡಿ ದಿಂಬು ಕೊಡುತ್ತೇನೆ. ಪಿಎಸ್‌ಐಎಸ್‌ನಿಂದ (ಸೊಂಟದ ಮೂಳೆಯ ಹಿಂಬದಿಯ ಮೇಲ್ಮೊನೆಯಿಂದ) ಹೊರಟು ಕ್ರೆಸ್ಟ್ ಉದ್ದಕ್ಕೂ ಹೆಬ್ಬೆರಳು ಉರುಳಿಸುತ್ತಾ ಹೋದರೆ ಒಂದು ಕಡೆ "ಅದೇ, ಅದೇ ನೋವು" ಎನ್ನುತ್ತಾರೆ. ಪಿರ್ರೆಗೆ ಸೆಳೆತ ಇಳಿಯಬೇಕು; ಬರೀ ಒತ್ತಿದ ನೋವಾದರೆ ಅದು ಗುರುತಲ್ಲ. ಹೆಬ್ಬೆರಳಿನ ಒತ್ತಡ ಎಷ್ಟಿರಬೇಕು, ಉಸಿರನ್ನು ಯಾವಾಗ ಬಿಡಿಸಬೇಕು ಎಂಬುದನ್ನು ಬರೆದು ತಿಳಿಸಲಾಗದು, ಪಕ್ಕದಲ್ಲಿ ನಿಂತವರಿಗೆ ಮಾತ್ರ ತೋರಿಸುತ್ತೇನೆ. 23 ಗೇಜ್ ಸೂಜಿ ಮೂಳೆ ತಾಗುವವರೆಗೆ ಹೋಗಲಿ, ಒಂದೆರಡು ಮಿ.ಮೀ. ಹಿಂದೆಳೆದು, ರಕ್ತ ಬರುವುದಿಲ್ಲವೆಂದು ನೋಡಿ, ಮರಗಟ್ಟಿಸುವ 1% ಲಿಗ್ನೊಕೇನ್ 2 ಮಿ.ಲೀ. ಸಾಕು. ಮೂಳೆ ಸಿಗದಿದ್ದರೆ ಆಳಕ್ಕೆ ತಳ್ಳಬೇಡಿ. ಸೂಜಿ ಅಂಚು ದಾಟಿ ಮುಂದಕ್ಕೆ ಜಾರಿರುತ್ತದೆ. ದಪ್ಪ ಮೈಯವರಿಗೆ ಒಂದೂವರೆ ಇಂಚಿನ ಸೂಜಿ ಮುಟ್ಟುವುದೇ ಇಲ್ಲ, ಉದ್ದನೆಯ ಸ್ಪೈನಲ್ ಸೂಜಿ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಬಿಟ್ಟು, ನೋವು ತರುತ್ತಿದ್ದ ಚಲನೆಯನ್ನೇ ಮತ್ತೆ ಮಾಡಿಸಿ. ನಾಲ್ಕರಲ್ಲಿ ಮೂರು ಪಾಲು ಇಳಿಯದಿದ್ದರೆ ನಾನು ಕ್ಲೂನಿಯಲ್ ಎನ್ನುವುದಿಲ್ಲ. ಸ್ಟೀರಾಯ್ಡ್ ಸೇರಿಸುವವರು ಆಳ ನೋಡಿಕೊಳ್ಳಿ: ಚರ್ಮದಡಿಯಲ್ಲೇ ಉಳಿದರೆ ಕೊಬ್ಬು ಕರಗಿ ಗುಳಿ ಬೀಳುತ್ತದೆ, ಬಣ್ಣವೂ ಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಮಾಡಿ ನೋಡಿದೆ. ಬ್ಲಾಕ್ ಆದ ಮೇಲೆ ಹತ್ತಿ ಸವರಿ, ಮರಗಟ್ಟಿದ ಜಾಗಕ್ಕೆ ಪೆನ್ನಿನಲ್ಲಿ ಗಡಿ ಎಳೆಯುವುದು. ಪಿರ್ರೆಯ ಮೇಲರ್ಧದಲ್ಲೇ ಗಡಿ ನಿಂತರೆ ಮದ್ದು ಸರಿಯಾದ ಕಡೆ ಹೋಗಿದೆ. ಕಾಲಿನ ಬಲ ಕುಂದಿದರೆ ಮದ್ದು ಬೇರೆಡೆ ಹೋಗಿದೆ, ಏಕೆಂದರೆ ಇದು ಬರೀ ಸ್ಪರ್ಶದ ನರ. ಇದೇ ಕಾರಣಕ್ಕೆ ರಿಫ್ಲೆಕ್ಸ್ ಕಡಿಮೆಯಾಗಿದ್ದರೆ, ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಬ್ಲಾಕ್ ಬಿಟ್ಟು ಮೊದಲು ಎಂಆರ್‌ಐ. ಅವು ಯಾವುವೂ ಇಲ್ಲದವರಿಗೆ ಒಂದು ವಯಲ್ ಲಿಗ್ನೊಕೇನ್‌ನ ಖರ್ಚಿನಲ್ಲಿ ಸಿಗುವ ಉತ್ತರಕ್ಕೆ ಎರಡೆರಡು ಸಲ ಸ್ಕ್ಯಾನ್ ಹಣ ಕಟ್ಟಿಸುವುದು ನ್ಯಾಯವಲ್ಲ. ಸ್ಕ್ಯಾನ್‌ನಲ್ಲಿ ವಯಸ್ಸಿಗೆ ತಕ್ಕ ಡಿಸ್ಕ್ ಸವೆತ ಕಂಡೇ ಕಾಣುತ್ತದೆ, ಬೈಗುಳ ಅದಕ್ಕೆ ಬೀಳುತ್ತದೆ.

ಬ್ಲಾಕ್ ಆದ ಮೇಲೂ ಪಿಎಸ್‌ಐಎಸ್ ಕೆಳಗೆ, ಸ್ಯಾಕ್ರಮ್ (ಬೆನ್ನೆಲುಬಿನ ಬುಡದ ತ್ರಿಕೋನ ಮೂಳೆ) ಅಂಚಿನಲ್ಲಿ ನೋವು ಉಳಿದರೆ ಮಿಡಲ್ ಕ್ಲೂನಿಯಲ್ ನರಗಳು ನೆನಪಿರಲಿ. ಸ್ಯಾಕ್ರಮ್ಮಿನ ಎಸ್1ರಿಂದ ಎಸ್3 ನರಗಳ ಹಿಂಗವಲುಗಳಾದ ಇವು, ಸ್ಯಾಕ್ರಮ್ಮನ್ನು ಸೊಂಟದ ಮೂಳೆಗೆ ಕಟ್ಟುವ ಉದ್ದನೆಯ ಹಿಂಬದಿ ಸ್ಯಾಕ್ರೋಇಲಿಯಾಕ್ ಲಿಗಮೆಂಟಿನ ಅಡಿಯಲ್ಲೋ ನಡುವೆಯೋ ಹಾಯುವುದರಿಂದ ಕೀಲಿನ ನೋವೆಂದೇ ಹೆಸರು ಬೀಳುತ್ತದೆ. ಕೂತಾಗ ಮಾತ್ರ ಪಿರ್ರೆಯ ಕೆಳಮಡಿಕೆಯಲ್ಲಿ ಉರಿ ಬಂದರೆ ಇನ್ಫೀರಿಯರ್ ಕ್ಲೂನಿಯಲ್, ಅಂದರೆ ತೊಡೆಯ ಹಿಂಬದಿ ಚರ್ಮದ ನರದ ಕವಲು. ಅದು ಪಿರ್ರೆಯ ದೊಡ್ಡ ಸ್ನಾಯುವಾದ ಗ್ಲೂಟಿಯಸ್ ಮ್ಯಾಕ್ಸಿಮಸ್‌ನ ಕೆಳ ಅಂಚನ್ನು ಸುತ್ತಿ ಮೇಲೇರುತ್ತದೆ. ಕಾಲಿಗಿಳಿಯುವ ದೊಡ್ಡ ಸಯಾಟಿಕ್ ನರ ಅದಕ್ಕೆ ತೀರಾ ಹತ್ತಿರ, ಹಾಗಾಗಿ ಅಲ್ಲಿ ಅಲ್ಟ್ರಾಸೌಂಡ್ ಇಲ್ಲದೆ ನಾನು ಸೂಜಿ ಎತ್ತುವುದಿಲ್ಲ.

ಹಿಂಬದಿಯ ಕ್ರೆಸ್ಟಿನಿಂದ ಮೂಳೆ ಕಸಿ ತೆಗೆಯುವವರು ಸುಪೀರಿಯರ್ ನರಕ್ಕೆ ಪೆಟ್ಟಾಗದಂತೆ ಗಾಯವನ್ನು ಮಧ್ಯರೇಖೆಯಿಂದ ಐದಾರು ಸೆಂ.ಮೀ. ಒಳಗೇ ಇಟ್ಟುಕೊಳ್ಳಲಿ. ಗಾಯ ಮಾಗಿದ ಮೇಲೂ ಬೆಲ್ಟ್ ತಾಗಿದರೆ ಉರಿಯುತ್ತದೆ ಎಂದು ಬರುವವರಲ್ಲಿ ಮೊದಲು ನಾನು ಒತ್ತಿ ನೋಡುವುದು ಆ ಕಲೆಯ ಹೊರತುದಿಯನ್ನು.