ಕಂತಿನ ಡಿಕ್ರಿ ಸಿಕ್ಕಿದೆಯಾ? ವಸೂಲಿ ಮಾಡುವುದು ಹೀಗೆ

ಹಣದ ಕೇಸ್ ಗೆದ್ದು, ಕಂತುಗಳಲ್ಲಿ ಹಣ ಕೊಡಬೇಕೆಂಬ ಡಿಕ್ರಿ (ಕೋರ್ಟ್‌ನ ಅಂತಿಮ ಆದೇಶ) ಪಡೆದವರು ಸಿಟಿ ಸಿವಿಲ್ ಕೋರ್ಟ್‌ನಿಂದ ಬಂದ ಕೂಡಲೇ ಫೈಲನ್ನು ಅಟ್ಟಕ್ಕೆ ಹಾಕುತ್ತಾರೆ. ಎದುರಿನವರು ನಾಲ್ಕು ಕಂತು ಕೊಟ್ಟು ಸುಮ್ಮನಾದಾಗ ಮತ್ತೆ ಇಳಿಸುತ್ತಾರೆ. ಅಷ್ಟರಲ್ಲಿ ಯಾವ ತಿಂಗಳು ಎಷ್ಟು ಬಂತು ಅನ್ನುವುದೇ ಮರೆತಿರುತ್ತದೆ.

ಮೊದಲು ಡಿಕ್ರಿಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಕಂತಿನ ತಾರೀಖು ಮತ್ತು ಬಡ್ಡಿ ನೋಡಿ. ಒಂದು ಕಂತು ತಪ್ಪಿದರೆ ಬಾಕಿಯೆಲ್ಲ ಒಟ್ಟಿಗೆ ಕೊಡಬೇಕು ಎಂಬ ಷರತ್ತು ಇದೆಯೇ ನೋಡಿ. ಅದಿಲ್ಲದಿದ್ದರೆ ತಪ್ಪಿದ ಕಂತನ್ನಷ್ಟೇ ಕೇಳಬಹುದು. ತೀರ್ಪಾದ ಮೇಲೆ ಹಣದ ಡಿಕ್ರಿಗೆ ಕಂತು ಮಾಡಿಕೊಡಲು ನಿಮ್ಮ ಒಪ್ಪಿಗೆ ಬೇಕು. ಆದ್ದರಿಂದ ಈ ಷರತ್ತು ಬರೆಸದೆ ಒಪ್ಪಬೇಡಿ.

ಹಣ ಬ್ಯಾಂಕ್ ಖಾತೆಗೇ ಬರಲಿ. ನಗದು ಬೇಡವೇ ಬೇಡ. ಮುಂದಿನ ತಾರೀಖಿನ ಚೆಕ್ಕುಗಳ ಕಟ್ಟು ಕೊಡುತ್ತೇವೆ ಅಂದರೂ ನನಗೆ ಇಷ್ಟವಿಲ್ಲ. ಒಂದು ಬೌನ್ಸ್ ಆದರೂ ಇನ್ನೊಂದು ಕೇಸಿನ ಓಡಾಟ, ಅಲ್ವಾ?

ಜಾಸ್ತಿ ಜನ ಎಡವುವುದು ಲೆಕ್ಕದಲ್ಲಿ. ಬಂದ ಹಣವನ್ನೆಲ್ಲ ಅಸಲಿನಲ್ಲಿ ಕಳೆದುಬಿಡುತ್ತಾರೆ. ಡಿಕ್ರಿಯಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಬಡ್ಡಿ ಮತ್ತು ಕೋರ್ಟ್ ಖರ್ಚು, ಆಮೇಲೆ ಅಸಲು. ಖರ್ಚಿನ ಬಾಬ್ತು ತೀರಿದೆ ಅಂದುಕೊಳ್ಳಿ. ಅಸಲು 3 ಲಕ್ಷ, ಬಡ್ಡಿ ವರ್ಷಕ್ಕೆ ಶೇ 6 ಆದರೆ ತಿಂಗಳ ಬಡ್ಡಿ 1,500 ರೂಪಾಯಿ. 10,000 ಬಂದರೆ ಅಸಲಿಗೆ ಹೋಗುವುದು 8,500 ಮಾತ್ರ. ಮುಂದಿನ ತಿಂಗಳ ಬಡ್ಡಿ 2,91,500ರ ಮೇಲೆ. ಹಣ ಬಂದ ದಿನವೇ ಇದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊಬೈಲ್‌ನ ಇಎಂಐ ಆಪ್‌ಗಳನ್ನು ನಂಬಬೇಡಿ, ತಡವಾಗಿ ಬಂದ, ಅರ್ಧ ಬಂದ ಕಂತಿಗೆ ಅವು ಆಗಿಬರುವುದಿಲ್ಲ. ಕೋರ್ಟ್‌ನ ಹೊರಗೆ ಪಡೆದ ಹಣವನ್ನು ಕೋರ್ಟ್‌ಗೆ ತಿಳಿಸುವ ಹೊಣೆ ನಿಮ್ಮದೇ. ವಕೀಲರಿಂದ ಮೆಮೋ (ಕೋರ್ಟ್‌ಗೆ ಕೊಡುವ ಲಿಖಿತ ಮಾಹಿತಿ) ಹಾಕಿಸಿ. ಮುಚ್ಚಿಟ್ಟು ಪೂರ್ತಿ ಹಣ ಕೇಳಿದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿನವರ ಕೈಯಲ್ಲಿರುತ್ತದೆ.

ಕಂತು ತಪ್ಪಿತಾ? ಲಿಖಿತ ನೋಟಿಸ್ ಕಳಿಸಿ. ಸುಮ್ನೆ ಫೋನ್ ಮಾಡುತ್ತಾ ಕೂರಬೇಡಿ. ‘ವಸೂಲಿ ಮಾಡಿಕೊಡ್ತೀವಿ’ ಅನ್ನುವ ಹುಡುಗರನ್ನಂತೂ ಕಳಿಸಲೇಬೇಡಿ, ಪೊಲೀಸ್ ಕೇಸ್ ನಿಮ್ಮ ಮೇಲೆಯೇ ಬೀಳುತ್ತದೆ. ಆಮೇಲೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂದು ಕೋರ್ಟ್‌ಗೆ ಹಾಕುವ ಅರ್ಜಿ. ಇದಕ್ಕೆ ಮಿತಿ 12 ವರ್ಷ, ಕಂತಿನ ಡಿಕ್ರಿಯಲ್ಲಿ ಕಂತು ತಪ್ಪಿದ ದಿನದಿಂದ. ಮೊದಲು ತಪ್ಪಿದ ದಿನದಿಂದಲೇ ಎಣಿಸಿದರೆ ಅಪಾಯವಿಲ್ಲ.

ಆಸ್ತಿ ಏನಿದೆ ಎಂದು ತಿಳಿಯದಿದ್ದರೆ, ಸಾಲಗಾರರಿಂದಲೇ ಆಸ್ತಿ ವಿವರದ ಪ್ರಮಾಣಪತ್ರ (ಅಫಿಡವಿಟ್) ಕೇಳುವಂತೆ ಕೋರ್ಟ್‌ಗೆ ಅರ್ಜಿ ಹಾಕಿ. ಸಂಬಳ ಜಪ್ತಿಗೆ ಲೆಕ್ಕ ಇದೆ: ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. 31,000 ಸಂಬಳಕ್ಕೆ ತಿಂಗಳಿಗೆ 10,000 ಸಿಗಬಹುದು, ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ದಿನಗೂಲಿಯನ್ನು ಜಪ್ತಿ ಮಾಡುವಂತಿಲ್ಲ. ಹಾಗಾಗಿ ಅರ್ಜಿಯಲ್ಲಿ ಸಂಬಳದ ಜೊತೆ ಅವರ ಬ್ಯಾಂಕ್ ಖಾತೆ, ಸೈಟು, ಗಾಡಿಯ ವಿವರವನ್ನೂ ಸೇರಿಸಲು ವಕೀಲರಿಗೆ ಹೇಳಿ.